ಚೆಕ್‌ರೋಲ್ ಹಾಳೆ ಹಿಂದಿನ ಚಿತ್ರ: ಆಲ್ದೂರಿನ ಓದುಗರಿಗೆ ಉತ್ತರ

ಆಲ್ದೂರಿನ ಅಣ್ಣನವ್ರಿಗೆ ನಮಸ್ಕಾರ.

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ. ಆದ್ರೆ ನಿಮ್ಮ ಪತ್ರದಲ್ಲಿರೋ ಚಿಂತೆ ನಮ್ಮ ಹಾಸನ ಚಿಕ್ಕಮಗಳೂರು ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಇರತ್ತೆ, ಅದಕ್ಕೆ ವಿಷ್ಯ ಏನು ಅಂತ ಉಳಿದವರಿಗೂ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ನೀವು ಎಸ್ಟೇಟಲ್ಲಿ ರೈಟರು, ಇಪ್ಪತ್ತು ವರ್ಷದಿಂದ ಆಳುಗಳ ಹಾಜರಿ ಪಟ್ಟಿ, ಅಂದ್ರೆ ಚೆಕ್‌ರೋಲ್ ಬರೀತಿದ್ದೀರಿ. ಮಗಳು ಸೆಕೆಂಡ್ ಪಿಯು ಸೈನ್ಸ್ ಮುಗ್ಸಿದ್ದಾಳೆ, ಮಾರ್ಕ್ಸೂ ಬಂದಿದೆ, ಆದ್ರೆ ಇಂಜಿನಿಯರಿಂಗ್ ಬೇಡ್ವಂತೆ, ಮೈಸೂರಲ್ಲೋ ಬೆಂಗಳೂರಲ್ಲೋ ಬಿವಿಎ, ಅಂದ್ರೆ ನಾಲ್ಕು ವರ್ಷದ ದೃಶ್ಯಕಲಾ ಡಿಗ್ರಿ, ಓದ್ತಾಳಂತೆ. ನಿಮ್ಮ ಭಾವಮೈದ "ನಾಲ್ಕು ವರ್ಷ ಯಾಕೆ ಭಾವ, ಒಂದ್ ವರ್ಷದ್ದು ಆನಿಮೇಷನ್ ಕೋರ್ಸ್ ಮಾಡ್ಸಿ, ಒಂದು ಒಳ್ಳೇ ಕಂಪ್ಯೂಟರ್ ತೆಕ್ಕೊಡಿ, ಸಾಕು" ಅಂತಾರೆ. ನೀವು ಕೇಳಿರೋದು, "ಎಲ್ಲಾ ಕಂಪ್ಯೂಟರಲ್ಲೇ ಆಗೋ ಕಾಲದಲ್ಲಿ ಇದ್ದಿಲು ಹಿಡ್ಕೊಂಡು ಮಣ್ಣು ಕಲಸ್ಕೊಂಡು ನಾಲ್ಕು ವರ್ಷ ಕೂರೋದ್ರಲ್ಲಿ ಅರ್ಥ ಇದ್ಯಾ ಸಾರ್?"

ಇದೆ ಅಣ್ಣ. ಯಾಕೆ ಅಂತ ಹೇಳೋಕೆ ನಾನು ಬೇರೆಲ್ಲೂ ಹೋಗ್ಬೇಕಿಲ್ಲ, ನೀವು ಪತ್ರದ ಜೊತೆ ಕಳ್ಸಿರೋ ಎರಡು ಚಿತ್ರ ಸಾಕು. ಈಗ ಎರಡೂ ನನ್ನ ಮೇಜಿನ ಮೇಲಿವೆ.

ಒಂದು, ಹಳೇ ಚೆಕ್‌ರೋಲ್ ಹಾಳೆ ಹಿಂದ್ಗಡೆ ಪೆನ್ಸಿಲಲ್ಲಿ ಬರ್ದಿರೋದು. ಇನ್ನೊಂದು ಮೊಬೈಲಲ್ಲಿ ಐಬಿಸ್ ಪೇಂಟ್ ಆ್ಯಪ್ ಇಟ್ಕೊಂಡು ಬೆರಳಲ್ಲಿ ಬರ್ದು, ಆಮೇಲೆ ಜೆರಾಕ್ಸ್ ಅಂಗಡೀಲಿ ಕಲರ್ ಪ್ರಿಂಟ್ ತೆಗ್ಸಿರೋದು. ಎರಡ್ರಲ್ಲೂ ಒಂದೇ ದೃಶ್ಯ, ಕಣದಲ್ಲಿ ಅವರಮ್ಮ ಕಾಫಿ ಕೆರೀತಾ ಇರೋದು. ಮೊಬೈಲ್ ಚಿತ್ರ ನೋಡೋಕೆ ಚೆಂದ, ಬಣ್ಣ ತುಂಬಿದೆ, ಆಕಾಶ ನುಣ್ಣಗಿದೆ, ಬೆಟ್ಟದ ಮೇಲೆ ಮಂಜೂ ಇದೆ. ಆದ್ರೆ ಹಲಗೆ ಹಿಡ್ದಿರೋ ಕೈ ನೋಡಿ. ಆ ಕೈಲಿ ಭಾರ ಇಲ್ಲ, ಹಲಗೆ ಕೈಗೆ ಅಂಟಿಸಿದಂಗಿದೆ ಅಷ್ಟೇ. ಪೆನ್ಸಿಲ್ ಚಿತ್ರದಲ್ಲಿ ಅದೇ ಕೈ ಹತ್ರ ಅವಳು ಮೂರ್ನಾಲ್ಕು ಸಲ ಅಳ್ಸಿದ್ದಾಳೆ, ಕಾಗದ ಅಲ್ಲಿ ತೆಳ್ಳಗಾಗಿ ಹಿಂದಿನ ರೂಲು ಗೆರೆ ಕಾಣ್ತಿದೆ, ಆದ್ರೆ ಕೊನೇಗೆ ಮಣಿಕಟ್ಟು ಒಳಕ್ಕೆ ಬಾಗಿ, ಹೆಬ್ಬೆರಳು ಒತ್ತಿ, ಭುಜ ಒಂಚೂರು ಮೇಲೆದ್ದು, ಹಸಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ತಳ್ಳೋವಾಗ ಎಷ್ಟು ಬಲ ಬೇಕೋ ಅಷ್ಟೂ ಆ ಗೆರೆಯಲ್ಲಿದೆ. ಅವರಮ್ಮನನ್ನ ನಾನು ನೋಡಿಲ್ಲ. ಆದ್ರೂ ಆ ಹೆಂಗಸು ಸುಸ್ತಾಗಿದಾರೆ ಅಂತ ನಂಗೆ ಗೊತ್ತಾಯ್ತು.

ನಾಲ್ಕು ವರ್ಷ ಬೇಕಾಗಿರೋದು ಇದಕ್ಕೇ. ಪೆನ್ಸಿಲ್ ಕೈಗೆ ಗೊತ್ತಿರೋದನ್ನ ಮೊಬೈಲ್ ಕೈಗೆ, ಮಣ್ಣಿನ ಕೈಗೆ, ಮೌಸ್ ಹಿಡಿಯೋ ಕೈಗೆ ದಾಟಿಸೋದಕ್ಕೆ. ಸ್ಟುಡಿಯೋ ಬೇರೆ ಡಿಜಿಟಲ್ ಬೇರೆ ಅಂತ ನಿಮ್ಮ ಭಾವಮೈದ ಅಂದ್ಕೊಂಡಿದಾರೆ, ಎಷ್ಟೋ ಜನ ಹಾಗೇ ಅಂದ್ಕೊಂಡಿದಾರೆ, ಆದ್ರೆ ಒಳಗೆ ಹೋಗಿ ನೋಡಿದ್ರೆ ಅದೆರಡೂ ಒಂದೇ ಮನೆ.

ನಮ್ಮೂರ ಕಡೆ ಸ್ಟುಡಿಯೋ ಅಂದ್ರೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗ್ಯೋ ಅಂಗಡಿ. ಆರ್ಟ್ ಕಾಲೇಜಲ್ಲಿ ಸ್ಟುಡಿಯೋ ಅಂದ್ರೆ ದೊಡ್ಡ ಕಿಟಕಿ ಇರೋ ಒಂದು ಹಾಲು. ಮೊದಲ್ನೇ ವರ್ಷ ಫೌಂಡೇಷನ್ ಅಂತ ಇರತ್ತೆ. ಒಂದು ಸ್ಟೂಲ್ ಮೇಲೆ ಬಿಳಿ ಬಟ್ಟೆ ಹಾಕಿ ಒಂದು ಮಡಕೆ, ಒಂದು ಹಿತ್ತಾಳೆ ಚೊಂಬು ಇಟ್ಬಿಡ್ತಾರೆ, ಅದನ್ನೇ ದಿನಗಟ್ಲೆ ಇದ್ದಿಲಲ್ಲಿ ಬರೀಬೇಕು. ಮಡಕೆ ನೆರಳು, ಚೊಂಬಿನ ಹೊಳಪು, ಬಟ್ಟೆ ಮಡಿಕೆ, ಇವುಗಳಲ್ಲಿ ಯಾವುದು ಎಷ್ಟು ಕಪ್ಪು ಅಂತ ಕಣ್ಣು ಕಿರಿದು ಮಾಡಿ ನೋಡಿ ನೋಡಿ ಕಲೀಬೇಕು. ಬೇಜಾರಾಗತ್ತೆ, ಸುಳ್ಳು ಹೇಳಲ್ಲ. ಆದ್ರೆ ಕಂಪ್ಯೂಟರಲ್ಲಿ ತ್ರೀಡಿ ಚಿತ್ರ ಮಾಡೋರು ದಿನಾ ಮಾಡೋದೂ ಇದೇ ಕೆಲ್ಸ, ದೀಪ ಎಲ್ಲಿಡ್ಬೇಕು, ಲೋಹ ಹೇಗೆ ಹೊಳೀಬೇಕು, ಬಟ್ಟೆ ಹೇಗೆ ಬೀಳ್ಬೇಕು. ಸಾಫ್ಟ್‌ವೇರು ದೀಪ ಕೊಡತ್ತೆ, ಅದನ್ನ ಎಲ್ಲಿಡ್ಬೇಕು ಅನ್ನೋ ಕಣ್ಣು ಕೊಡಲ್ಲ.

ನಂಗೆ ಗೊತ್ತಿರೋ ಒಬ್ಬ ಹುಡುಗ ಬೇಲೂರು ಕಡೆಯವನು, ಬಿವಿಎಲಿ ಶಿಲ್ಪ ತಗೊಂಡು ಓದ್ದೋನು, ಈಗ ಬೆಂಗಳೂರಲ್ಲಿ ಗೇಮ್ ಕಂಪನೀಲಿ ಕ್ಯಾರೆಕ್ಟರ್ ಮಾಡೆಲಿಂಗ್ ಮಾಡ್ತಾನೆ. ಅಲ್ಲಿ ಅವನ ಜೊತೆಗಿದ್ದ ಒಬ್ರು ಬರೀ ಸಾಫ್ಟ್‌ವೇರ್ ಕಲ್ತು ಬಂದೋರು ನರ್ತಕಿ ಮೂರ್ತಿಯೊಂದನ್ನ ತ್ರೀಡಿಯಲ್ಲಿ ಮಾಡಿದ್ರಂತೆ, ಒಡವೆ ಮಣಿಮಣಿಯೂ ಇತ್ತಂತೆ, ಆದ್ರೆ ಮೂರ್ತಿ ಬೀಳೋ ತರ ಕಾಣ್ತಿತ್ತು, ಯಾಕೆ ಅಂತ ಯಾರಿಗೂ ಹೊಳೀಲಿಲ್ಲ. ಇವನು ನೋಡಿದ ತಕ್ಷಣ ಹೇಳಿದ್ನಂತೆ, ಭಾರ ಒಂದು ಕಾಲ ಮೇಲೆ ಬಿದ್ರೆ ಸೊಂಟ ಆ ಕಡೆ ಏಳ್ಬೇಕು, ಹೆಗಲು ಅದೇ ಕಡೆ ಇಳೀಬೇಕು, ಇಲ್ಲಿ ಎರಡೂ ಒಂದೇ ಕಡೆ ಎದ್ದಿವೆ ಅಂತ. ಅದನ್ನ ಅವನು ಕಲ್ತಿದ್ದು ಕಾಲೇಜಲ್ಲಿ ಕಂಬಿ ಬಗ್ಗಿಸಿ ಅದರ ಮೇಲೆ ಜೇಡಿಮಣ್ಣು ಹಾಕೋವಾಗ. ಕಂಬಿ ತಪ್ಪಾಗಿ ಬಗ್ಸಿದ್ರೆ ಬೆಳಗ್ಗೆ ಬಂದು ನೋಡೋ ಹೊತ್ಗೆ ಮಣ್ಣಿನ ಬೊಂಬೆ ನೆಲದ ಮೇಲೆ ಬಿದ್ದಿರತ್ತೆ. ಕಂಪ್ಯೂಟರಲ್ಲಿ ಯಾವ್ದೂ ಬೀಳಲ್ಲ, ಅದಕ್ಕೇ ತಪ್ಪು ಗೊತ್ತೂ ಆಗಲ್ಲ.

ಬೇಲೂರು ಅಂದ ಮೇಲೆ ಇನ್ನೊಂದು ನೆನಪಾಯ್ತು, ಅದನ್ನ ಕೊನೇಲಿ ಹೇಳ್ತೀನಿ.

ಈಗ ಒಂದು ಮುಖ್ಯವಾದ ವಿಷ್ಯ, ಇದನ್ನ ದಯವಿಟ್ಟು ಮಗಳಿಗೆ ಓದಿ ಹೇಳಿ. ಕಾಲೇಜ್ ಪ್ರಾಸ್ಪೆಕ್ಟಸಲ್ಲಿ ವಿಭಾಗಗಳ ಹೆಸರು ನೋಡೋವಾಗ "ಗ್ರಾಫಿಕ್ಸ್" ಅಂತ ಇರತ್ತೆ. ನಮ್ಮ ಹಳೇ ಆರ್ಟ್ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ಅದು ಮುದ್ರಣ ಕಲೆ. ಮರದ ಅಚ್ಚು, ಕಲ್ಲಚ್ಚು, ಲೋಹದ ತಗಡಿನ ಅಚ್ಚು. ಜಾಹೀರಾತು, ಪುಸ್ತಕ ವಿನ್ಯಾಸ, ಪ್ಯಾಕೇಜಿಂಗ್ ಬೇಕಂದ್ರೆ ಅದು "ಅಪ್ಲೈಡ್ ಆರ್ಟ್" ಅನ್ನೋ ಹೆಸರಲ್ಲಿರತ್ತೆ, ಕಂಪ್ಯೂಟರ್ ಕೆಲ್ಸ ಜಾಸ್ತಿ ಇರೋದೂ ಅಲ್ಲೇ. ಈ ಹೆಸರು ನೋಡಿ ಮೋಸ ಹೋಗಿ ಸೇರ್ಕೊಂಡು ಆಮೇಲೆ ಅತ್ತ ಮಕ್ಕಳನ್ನ ನೋಡಿದೀನಿ.

ಅವರಲ್ಲಿ ಒಬ್ಳು ಮೊದ್ಲು ಅತ್ತೋಳು ಆಮೇಲೆ ಆ ಮುದ್ರಣ ವಿಭಾಗದಿಂದ ಏಳ್ಲೇ ಇಲ್ಲ. ಅವಳೇ ನಂಗೆ ಒಂದ್ಸಲ ಎಚ್ಚಿಂಗ್, ಅಂದ್ರೆ ಆ ಲೋಹದ ತಗಡಿನ ಅಚ್ಚು, ಮಾಡಿ ತೋರ್ಸಿದ್ಳು. ಸತುವಿನ ತಗಡು ತಗೊಂಡು ಉಜ್ಜಿ ಕನ್ನಡಿ ತರ ಮಾಡಿ, ಮೇಲೆ ಮೇಣದಂಥ ಕಪ್ಪು ಲೇಪ ಹಚ್ಚಿ, ಒಣಗಿದ ಮೇಲೆ ಸೂಜಿಯಲ್ಲಿ ಗೆರೆ ಎಳೀತಾಳೆ. ಸೂಜಿ ಹೋದ ಕಡೆ ಲೇಪ ಕಿತ್ತು ಲೋಹ ಕಾಣತ್ತೆ. ತಗಡನ್ನ ಆ್ಯಸಿಡ್ ತಟ್ಟೇಲಿ ಇಟ್ರೆ ಆ ಗೆರೆಗಳನ್ನ ಮಾತ್ರ ಆ್ಯಸಿಡ್ ತಿನ್ನತ್ತೆ. ಸಣ್ಣ ಸಣ್ಣ ಗುಳ್ಳೆ ಏಳತ್ವೆ, ಅವನ್ನ ಹಕ್ಕಿ ಪುಕ್ಕದಲ್ಲಿ ಮೆಲ್ಲಗೆ ಸವರ್ತಾ ಗಡಿಯಾರ ನೋಡ್ತಾ ನಿಂತಿದ್ಳು. ಜಾಸ್ತಿ ಹೊತ್ತು ಬಿಟ್ರೆ ಗೆರೆ ಆಳ, ಆಳ ಆದಷ್ಟೂ ಕಪ್ಪು. ತಿಳಿಯಾಗಿ ಬೇಕಾದ ಭಾಗ ಬೇಗ ತೆಗ್ದು ವಾರ್ನಿಷ್ ಹಚ್ಚಿ ಮುಚ್ಚಿ ಮತ್ತೆ ಇಡ್ಬೇಕು. ಆಮೇಲೆ ಶಾಯಿ ತುಂಬಿ, ಮೇಲಿಂದ ಒರ್ಸಿ, ಒದ್ದೆ ಕಾಗದ ಇಟ್ಟು ಪ್ರೆಸ್ ಚಕ್ರ ತಿರುಗ್ಸಿ, ಕಾಗದದ ತುದಿ ಹಿಡಿದು ಎತ್ತಿದ್ಳು. ಚಿತ್ರ ಎಡ ಬಲ ತಿರುಗಿ ಬಂತು. ಅದನ್ನ ಅವಳು ಮೊದ್ಲೇ ಲೆಕ್ಕ ಹಾಕಿದ್ಳು.

ಈಗ ಫೋಟೋಶಾಪ್ ತೆಗೀರಿ. ಒಂದು ಭಾಗ ಮುಚ್ಚಿ ಇನ್ನೊಂದರ ಮೇಲೆ ಕೆಲ್ಸ ಮಾಡೋಕೆ ಮಾಸ್ಕ್ ಅಂತಾರೆ, ಅವಳು ವಾರ್ನಿಷಲ್ಲಿ ಮಾಡಿದ್ದು ಅದೇ. ಡಾಡ್ಜ್, ಬರ್ನ್ ಅಂತ ಎರಡು ಟೂಲ್ ಇದಾವೆ, ಡಾರ್ಕ್‌ರೂಮಲ್ಲಿ ಫೋಟೋ ತೊಳೆಯೋ ಕಾಲದಲ್ಲಿ ಬೆಳಕನ್ನ ಕೈಯಲ್ಲಿ ಅಡ್ಡ ಹಿಡಿದು ತಿಳಿ ಮಾಡೋದು, ಜಾಸ್ತಿ ಬಿಟ್ಟು ಕಪ್ಪು ಮಾಡೋದು ಅಂತಿತ್ತಲ್ಲ, ಹೆಸರೂ ಅಲ್ಲಿಂದ್ಲೇ ಬಂದಿರೋದು. ಫೋಟೋಶಾಪ್ ಮಾರ್ಕೆಟ್ಟಿಗೆ ಬಂದಿದ್ದೇ 1990ರಲ್ಲಿ. ಅದು ಹೊಸ ಬುದ್ಧಿ ಏನೂ ತರ್ಲಿಲ್ಲ, ಇದ್ದ ಕೈಕಸುಬನ್ನ ಪರದೆ ಮೇಲಿಟ್ಟಿತು. ಮೂಲ ಗೊತ್ತಿರೋರಿಗೆ ಅದು ಬೇಗ ಬರತ್ತೆ, ಆಮೇಲೆ ಸಾಫ್ಟ್‌ವೇರ್ ಬದಲಾದ್ರೂ ಅವರು ಕಂಗಾಲಾಗಲ್ಲ.

ನಮ್ಮ ಪತ್ರಿಕೇದೇ ಒಂದು ನಷ್ಟ ಹೇಳ್ತೀನಿ. ಒಂದ್ಸಲ ಯುಗಾದಿ ಸಂಚಿಕೆಗೆ ಒಬ್ಬ ಹುಡುಗನ ಕೈಲಿ ಮುಖಪುಟ ಮಾಡ್ಸಿದ್ವಿ, ಟ್ಯಾಬಲ್ಲಿ ಬರ್ದಿದ್ದ, ಹೂ ಬಿಟ್ಟ ಕಾಫಿ ತೋಟ, ಹಸಿರು ಹೊಳೀತಿತ್ತು. ಪ್ರೆಸ್ಸಿಂದ ಬಂಡಲ್ ಬಂದಾಗ ಬಿಚ್ಚಿ ನೋಡಿದ್ರೆ ಹಸಿರೆಲ್ಲ ಮಂಕು, ಒಣಗಿದ ಸೊಪ್ಪಿನ ಬಣ್ಣ. ಪರದೆ ಕೆಂಪು ಹಸಿರು ನೀಲಿ ಮೂರು ಬೆಳಕಿಂದ ಬಣ್ಣ ಮಾಡತ್ತೆ, ಪ್ರೆಸ್ಸು ನಾಲ್ಕು ಶಾಯಿಯಿಂದ ಮಾಡತ್ತೆ, ಪರದೇಲಿ ಸಿಗೋ ಕೆಲವು ಹಸಿರು ಶಾಯೀಲಿ ಹುಟ್ಟೋದೇ ಇಲ್ಲ. ಆ ಹುಡುಗನಿಗೆ ಅದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ, ನಾವೂ ಪ್ರೂಫ್ ತೆಗ್ಸಿ ನೋಡ್ಲಿಲ್ಲ. ಅವನು ಕಣ್ಣೀರು ಹಾಕ್ಕೊಂಡ. ಅಪ್ಲೈಡ್ ಆರ್ಟಲ್ಲಿ ಇದೆಲ್ಲ ಪಾಠ.

ಒಂದು ವರ್ಷದ ಕೋರ್ಸೆಲ್ಲ ಮೋಸ ಅಂತ ನಾನು ಹೇಳಲ್ಲ. ಡಿಗ್ರಿ ಆದ ಮೇಲೆ ಒಂದು ನಿರ್ದಿಷ್ಟ ಸಾಫ್ಟ್‌ವೇರ್ ಕಲಿಯೋಕೆ ಅದು ಒಳ್ಳೇದೇ. ಆದ್ರೆ ನನ್ನ ಅಕ್ಕನ ಮಗ ಪಿಯು ಮುಗಿದ ತಕ್ಷಣ ಹೋಗಿ ಅಂಥ ಒಂದ್ಕಡೆ ಸೇರ್ದ, ವರ್ಷದ ಫೀಸು ಮೊದ್ಲೇ ಕಟ್ಟಿಸ್ಕೊಂಡ್ರು, ಮೂರು ಹುಡುಗ್ರಿಗೆ ಒಂದು ಕಂಪ್ಯೂಟರು, ಆರು ತಿಂಗಳಿಗೆ ಕಲ್ಸೋ ಮೇಷ್ಟ್ರು ಬಿಟ್ಟು ಹೋದ್ರು. ಅಕ್ಕ ಒಡವೆ ಅಡ ಇಟ್ಟ ದುಡ್ಡು ಅದು. ಅದಕ್ಕೇ ಹೇಳೋದು, ಎಲ್ಲಿ ಸೇರಿಸಿದ್ರೂ ಯೂನಿವರ್ಸಿಟಿ ಮಾನ್ಯತೆ ಇದ್ಯಾ ನೋಡಿ. ಬಿವಿಎ ಇದ್ರೆ ಮುಂದೆ ಅದರ ಮೇಲಿನ ಡಿಗ್ರಿ ಎಂವಿಎಗೆ ಹೋಗ್ಬಹುದು, ಬರೋಡಾದಲ್ಲಿ 1950ರಿಂದ, ಶಾಂತಿನಿಕೇತನದ ಕಲಾಭವನದಲ್ಲಿ 1919ರಿಂದ ಕಲೆ ಕಲಿಸ್ತಿದಾರೆ, ಅಲ್ಲೀವರೆಗೂ ದಾರಿ ತೆರೆದಿರತ್ತೆ.

ನಮ್ಮ ರಾಜ್ಯದೊಳಗೇ ನೋಡೋದಾದ್ರೆ ಮೈಸೂರಲ್ಲಿ ಕಾವಾ ಇದೆ, ಅಂದ್ರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು. 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ಗೂ ಇದಕ್ಕೂ ನಂಟು. ಬೆಂಗಳೂರಲ್ಲಿ 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ದಾವಣಗೆರೆ ಯೂನಿವರ್ಸಿಟಿಗೆ ಸೇರಿದ ದೃಶ್ಯಕಲಾ ಕಾಲೇಜು ಇದೆ, ಅದು 1964ರದ್ದು. ಸೀಟಿಗೆ ಚಿತ್ರ ಬರೆಸಿ ಪರೀಕ್ಷೆ ಮಾಡ್ತಾರೆ, ಎದುರಿಗೆ ಇಟ್ಟಿದ್ದನ್ನ ನೋಡಿ ಬರೆಯೋದು, ನೆನಪಿಂದ ಬರೆಯೋದು. ಸೈನ್ಸ್ ಓದಿದ್ದು ಅಡ್ಡಿ ಏನಲ್ಲ. ಅರ್ಜಿ ಹಾಕೋ ಮೊದ್ಲು ಮಗಳನ್ನ ಕರ್ಕೊಂಡು ಒಂದ್ಸಲ ಹೋಗಿ ಬನ್ನಿ. ಆಫೀಸಲ್ಲಿ ಕೂತು ಬರ್ಬೇಡಿ, ಕೊನೇ ವರ್ಷದ ಮಕ್ಕಳು ಕೆಲ್ಸ ಮಾಡೋ ಹಾಲಿಗೆ ಹೋಗಿ, ಅವ್ರ ಹತ್ರ ಮಾತಾಡಿ, ಪ್ರೆಸ್ಸಿನ ಮೇಲೆ ಧೂಳು ಕೂತಿದ್ಯಾ ಇಲ್ಲ ಶಾಯಿ ಅಂಟಿದ್ಯಾ ನೋಡಿ, ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕಿದ್ಯಾ ಕೇಳಿ. ಹೆಣ್ಣುಮಕ್ಕಳ ಹಾಸ್ಟೆಲ್ ಎಷ್ಟು ದೂರ ಅಂತಾನೂ ಅವ್ರನ್ನೇ ಕೇಳಿ, ನಿಜ ಹೇಳ್ತಾರೆ.

ಕಂಪ್ಯೂಟರ್ ಈಗ್ಲೇ ತಗೋಬೇಡಿ. ಮೊದಲ್ನೇ ವರ್ಷಕ್ಕೆ ಅದು ಬೇಕಾಗಲ್ಲ, ಆ ದುಡ್ಡು ಕಾಗದ, ಬಣ್ಣ, ಬ್ರಷ್ಷಿಗೆ ಬೇಕಾಗತ್ತೆ, ಅವು ಅಗ್ಗ ಅಲ್ಲ. ತಗೊಂಡ ಮೇಲೂ ಕ್ರಿಟಾ, ಬ್ಲೆಂಡರ್ ಅಂತ ಸಾಫ್ಟ್‌ವೇರ್‌ಗಳಿವೆ, ಪೂರ್ತಿ ಫ್ರೀ, ಕದ್ದ ಕಾಪಿ ಹಾಕ್ಕೊಳ್ಳೋ ಅಗತ್ಯಾನೇ ಇಲ್ಲ.

ಎಐ ಬಗ್ಗೇನೂ ಕೇಳಿದ್ದೀರಿ, ಅದೇ ಚಿತ್ರ ಬರೆಯೋವಾಗ ಇವಳಿಗೇನು ಕೆಲ್ಸ ಅಂತ. ಮೊನ್ನೆ ಹಾಸನ ಬಸ್‌ಸ್ಟ್ಯಾಂಡ್ ಹತ್ರ ಒಂದು ಫ್ಲೆಕ್ಸ್ ನೋಡ್ದೆ, ಹಳೇಬೀಡು ದೇವಸ್ಥಾನ ಅಂತ ಎಐಲಿ ಮಾಡ್ಸಿ ಹಾಕಿದಾರೆ, ಮೇಲೆ ತಮಿಳುನಾಡಿನ ಗೋಪುರದ ತರ ಎತ್ತರಕ್ಕೆ ಶಿಖರ. ಹಳೇಬೀಡಿಗೆ ಶಿಖರ ಎಲ್ಲಿದೆ ಅಣ್ಣ? ಅದರ ಕೆಳಗೆ ನಿಂತಿದ್ದ ಹೂ ಮಾರೋ ಅಮ್ಮನೂ ಅದನ್ನೇ ಕೇಳಿದ್ರು. ಯಂತ್ರ ಚಿತ್ರ ಕೊಡತ್ತೆ, ಕೆಲವು ಸಣ್ಣ ಕೆಲ್ಸಗಳು ಅದರ ಕೈಗೆ ಹೋಗೋದೂ ನಿಜ. ಆದ್ರೆ ನೋಡಿ ಬರೆದೋರಿಗೇ ತಪ್ಪು ಕಾಣೋದು, ತಿದ್ದೋಕೆ ಬರೋದೂ ಅವ್ರಿಗೇ.

ಸಂಬಳದ ಬಗ್ಗೆ ನೇರವಾಗಿ ಹೇಳ್ಬಿಡ್ತೀನಿ. ಇಂಜಿನಿಯರಿಂಗ್ ತರ ಕ್ಯಾಂಪಸ್ಸಿಗೇ ಬಂದು ಕರ್ಕೊಂಡು ಹೋಗ್ತಾರೆ ಅಂತ ನಂಬ್ಕೋಬೇಡಿ. ಡ್ರಾಯಿಂಗ್ ಮೇಷ್ಟ್ರ ಹುದ್ದೆ ಕಮ್ಮಿ. ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿದೆ, ಬೆಂಗಳೂರಲ್ಲಿ ಕಂಪನಿಗಳಿವೆ, ಪುಸ್ತಕ, ಆ್ಯಪ್ ವಿನ್ಯಾಸದ ಕೆಲ್ಸ ಇದೆ, ಆದ್ರೆ ಮೊದಲೆರಡು ವರ್ಷ ಕಷ್ಟಾನೇ, ಮನೆಯಿಂದ ಸ್ವಲ್ಪ ಒತ್ತಾಸೆ ಬೇಕು. ನೀವು ಅಷ್ಟು ತಡ್ಕೊಳ್ಳೋ ಹಂಗಿದ್ರೆ ಕಳ್ಸಿ. ಇಂಥ ಕೈ ಇರೋ ಮಗೂನ ಕಳ್ಸದೇ ಇದ್ರೆ ನಂಗೆ ಸಂಕಟ ಆಗತ್ತೆ, ಅದನ್ನ ಮುಚ್ಚಿಡಲ್ಲ.

ಬೇಲೂರಿನ ವಿಷ್ಯ ಅಂದ್ನಲ್ಲ. 1117ರಲ್ಲಿ ಪ್ರತಿಷ್ಠೆ ಆದ ಆ ಚೆನ್ನಕೇಶವ ಗುಡೀಲಿ ಮದನಿಕೆಯರ ಪೀಠ ನೋಡಿ, ಕೆತ್ತಿದವರ ಹೆಸರಿದೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ. ಕಲ್ಲು ಕೆತ್ತೋರು ಒಂಬೈನೂರು ವರ್ಷದ ಹಿಂದೆ ಹೆಸರು ಬರ್ದಿದಾರೆ, ನಿಮ್ಮ ಮಗಳು ಎರಡು ಚಿತ್ರದಲ್ಲಿ ಒಂದ್ರಲ್ಲೂ ಬರ್ದಿಲ್ಲ.

ಆ ಪೆನ್ಸಿಲ್ ಚಿತ್ರವನ್ನ ಮುಂದಿನ ಸಂಚಿಕೇಲಿ ಒಳಪುಟದಲ್ಲಿ ಹಾಕೋಣ ಅಂತಿದೀನಿ, ಸಂಭಾವನೇನೂ ಕಳ್ಸ್ತೀವಿ. ಸ್ಕ್ಯಾನ್ ನಾವೇ ಮಾಡ್ಕೊಂಡಿದೀವಿ, ಮೂಲ ಚಿತ್ರವನ್ನ ಎರಡು ರಟ್ಟಿನ ಮಧ್ಯೆ ಇಟ್ಟು ಸ್ಪೀಡ್ ಪೋಸ್ಟಲ್ಲಿ ವಾಪಸ್ ಕಳ್ಸ್ತೀನಿ, ಮಡಚ್ಬೇಡಿ. ನಿಮ್ಮ ಹೆಸರು ಬೇಡ ಅಂದಿದ್ದು ಸರಿ, ಅವಳದ್ದು ಬೇಕು. ಇನಿಷಿಯಲ್ ಮುಂದೆ ಹಾಕ್ಬೇಕೋ ಹಿಂದೆ ಹಾಕ್ಬೇಕೋ, ಊರಿನ ಹೆಸರು ಸೇರಿಸ್ಬೇಕೋ ಬೇಡ್ವೋ, ಅವಳನ್ನೇ ಕೇಳಿ ಬರ್ದು ಕಳ್ಸಿ. ಇಪ್ಪತ್ತನೇ ತಾರೀಕಿನೊಳಗೆ ಸಿಕ್ರೆ ಪುಟ ಕಟ್ಟೋಕೆ ಅನುಕೂಲ.

ಸಂಪಾದಕ, ಹಾಸನ