ಸ್ತ್ರೀವೇಷದವರಿಗೊಂದು ಪ್ರಶ್ನೆ

ಪ್ರಶ್ನೆ: ರಂಗದ ಮೇಲೆ ನಟ, ಹೊರಗೆ ಗುಟ್ಟಾಗಿ ಹೆಣ್ಣುಡುಗೆ ಉಟ್ಟ ಗೇಶಾ, ಅಂದರೆ ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಕಲಾವಿದೆ. ಜಪಾನಿನ ಇಂಥದೊಂದು ಕಥೆ ಓದಿದೆ. ಇದೆಲ್ಲ ಆಗೋ ಮಾತಾ? ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದವರು ನೀವೇ ಹೇಳಿ.
– ಓದುಗರು, ತೀರ್ಥಹಳ್ಳಿ

ಉತ್ತರ: ಪೂರ್ತಿ ಬುಡವಿಲ್ಲದ ಕಥೆಯಲ್ಲ. 1629ರಲ್ಲಿ ಅಲ್ಲಿನ ಆಡಳಿತ ಕಬುಕಿ ಎಂಬ ನಾಟಕದ ರಂಗದಿಂದ ಹೆಂಗಸರನ್ನು ಹೊರಗಿಟ್ಟಿತು. ಹೆಣ್ಣು ಪಾತ್ರವೂ ಗಂಡಸರ ಪಾಲಿಗೇ ಬಂತು. ಅವರಲ್ಲಿ ಹೆಸರಾದ ಯೊಶಿಜವಾ ಅಯಾಮೆ, ರಂಗದ ಹೊರಗೂ ಹೆಣ್ಣಿನ ಹಾಗೇ ಇರಬೇಕು ಅನ್ನುತ್ತಿದ್ದ. ಮೊದಮೊದಲು ಗೇಶಾಗಳೂ ಗಂಡಸರೇ. ಆದರೆ ಅವರದು ಹಾಸ್ಯ, ಹಾಡು, ಹೆಣ್ಣುಡುಗೆಯಲ್ಲ.

ನನಗೆ ಅನುಮಾನ ಇರೋದು ಗುಟ್ಟಿನ ಬಗ್ಗೆ. ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಕಣ್ಣಂಚಿನ ಕಪ್ಪು ಹೋಗುತ್ತಿರಲಿಲ್ಲ. ಸಾಗರದ ಬಸ್ ಹತ್ತಿದರೆ ಕಂಡಕ್ಟರ್ ಕೇಳುತ್ತಿದ್ದ, "ರಾತ್ರಿ ದ್ರೌಪದಿಯಾ ಭಟ್ರೇ?"