‘ಪ್ರೀತಿಯೇ ಮದ್ದು’ ಲೇಖನ ಕಳ್ಸಿದೋರಿಗೆ

ನಮಸ್ಕಾರ. ಲವ್ ಸ್ಟೋರಿ ಸಿನಿಮಾಗಳಲ್ಲಿ ಮಾನಸಿಕ ಕಾಯಿಲೆ ಬಗ್ಗೆ ನೀವು ಕಳ್ಸಿದ ಲೇಖನ ಓದ್ದೆ, ಈಗಿರೋ ಹಾಗೆ ಹಾಕೋಕಾಗಲ್ಲ, ಹಾಗಂತ ವಾಪಸ್ ಕಳಿಸಿ ಸುಮ್ನಾಗೋಕೂ ಮನಸ್ಸಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ.

‘ಸಿನಿಮಾ ಸಮಾಜದ ಕನ್ನಡಿ’ಯಿಂದ ಶುರುವಾಗೋ ಮೊದಲ ಪುಟ ಪೂರ್ತಿ ತೆಗೀರಿ. ಆಮೇಲೆ ಸಾಲಾಗಿ ಸಿನಿಮಾ ಹೆಸರು ಹೇಳ್ಕೊಂಡು ಹೋಗಿ ಎಲ್ಲದಕ್ಕೂ ಒಂದೇ ತೀರ್ಪು ಕೊಟ್ಟಿದೀರಾ, ಪ್ರೀತಿ ಸಿಕ್ತು ಕಾಯಿಲೆ ಹೋಯ್ತು ಅಂತ ತೋರಿಸ್ತಾರೆ, ಅದು ತಪ್ಪು ಅಂತ. ತಪ್ಪೇ. ಆದ್ರೆ ಸಿನಿಮಾ ಮತ್ತೆ ನೋಡದೆ ಬರ್ದಿದೀರಾ ಅನ್ಸುತ್ತೆ. ‘ಸಿಲ್ವರ್ ಲೈನಿಂಗ್ಸ್ ಪ್ಲೇಬುಕ್’ನಲ್ಲಿ (2012) ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಪೂರ್ತಿ ಕುಗ್ಗೋ ಕಾಯಿಲೆ) ಇರೋ ಹೀರೋ ಡ್ಯಾನ್ಸ್ ಮಾಡಿ ವಾಸಿಯಾದ ಅಂತೀರಲ್ಲ, ಆ ಊಟದ ಟೇಬಲ್ ಸೀನ್ ನೋಡಿ, ಹೀರೋ, ಹೀರೋಯಿನ್ ಇಬ್ರೂ ಹತ್ತಿರ ಆಗೋದೇ ಲಿಥಿಯಂ, ಇನ್ನೊಂದು, ಮತ್ತೊಂದು ಅಂತ ತಾವು ನುಂಗಿದ ಮಾತ್ರೆಗಳ ಮಾತಾಡ್ಕೊಂಡು. ಮುಂದೆ ಅವನು ಮಾತ್ರೆ ಶುರು ಮಾಡ್ತಾನೆ ಕೂಡ, ಸಿನಿಮಾ ಅದನ್ನ ರೆಪ್ಪೆ ಬಡಿಯೋದ್ರಲ್ಲಿ ದಾಟಿಸಿ ಡ್ಯಾನ್ಸಿಗೆ ನಿಮಿಷಗಟ್ಲೆ ಕೊಡುತ್ತೆ. ಬೈಯೋದಾದ್ರೆ ಅದನ್ನ ಬೈರಿ.

ಹಿಂದಿಯ ‘ಖಾಮೋಶಿ’ (1969), ಕನ್ನಡದ ‘ಮಾನಸ ಸರೋವರ’ (1982) ಎರಡನ್ನೂ ಒಂದೇ ಪ್ಯಾರಾದಲ್ಲಿ ಹಾಕಿದೀರಾ, ಆದ್ರೂ ಕಣ್ಣಿಗೆ ಬಿದ್ದಿಲ್ವಾ? ಅಲ್ಲಿ ನರ್ಸ್, ಇಲ್ಲಿ ಡಾಕ್ಟ್ರು, ಇಬ್ರೂ ಪೇಷಂಟನ್ನ ಪ್ರೀತಿಸ್ತಾರೆ, ಪೇಷಂಟ್ ಹುಷಾರಾಗಿ ತನ್ನ ದಾರಿ ಹಿಡೀತಾರೆ, ಕೊನೆಗೆ ತಲೆ ಕೆಡೋದು ನೋಡ್ಕೊಂಡವ್ರದ್ದೇ. ಇದನ್ನ ಬಿಟ್ಟು ಶ್ರೀನಾಥ್ ಮಾಡಿದ ಡಾಕ್ಟ್ರದ್ದು ‘ಅಮರ ಪ್ರೇಮ’ ಅಂತ ಕೊಂಡಾಡಿದೀರಲ್ಲ ಸ್ವಾಮಿ, ತನ್ನ ಪೇಷಂಟ್ ಮೇಲೆ ಡಾಕ್ಟ್ರು ಮನಸ್ಸಿಡೋದು ಆ ವೃತ್ತಿಲಿ ದೊಡ್ಡ ತಪ್ಪು, ಅದನ್ನ ಹೇಳ್ದೆ ಬಿಟ್ರೆ ಹೇಗೆ.

ಇನ್ನು ‘ಶರಪಂಜರ’. ‘ಇದು ಲವ್ ಸ್ಟೋರಿ ಅಲ್ಲ’ ಅಂತ ಒಂದೇ ಸಾಲಲ್ಲಿ ಮುಗ್ಸಿದೀರಾ, ನನಗೆ ಸಿಟ್ಟು ಬಂದಿದ್ದು ಇಲ್ಲೇ. ಕಾವೇರಿ, ಸತೀಶ ಮೆಚ್ಚಿ ಮದುವೆ ಆದವ್ರು. ಎರಡನೇ ಹೆರಿಗೆ ಆದ್ಮೇಲೆ ಕಾವೇರಿಗೆ ಕಾಯಿಲೆ, ಅಜ್ಜಿಯಂದ್ರು ಬಾಣಂತಿ ಸನ್ನಿ ಅಂತಿದ್ರಲ್ಲ ಆ ಥರದ್ದು, ಆಸ್ಪತ್ರೆಲಿ ಟ್ರೀಟ್‌ಮೆಂಟ್ ಆಗಿ ಹುಷಾರಾಗೇ ಮನೆಗೆ ಬರ್ತಾಳೆ. ಬೇರೆ ಸಿನಿಮಾ ಅಲ್ಲಿಗೆ ಶುಭಂ ಹಾಕ್ತಿತ್ತು. ಇಲ್ಲಿ ಗಂಡ ದೂರ ದೂರ, ಅಕ್ಕಪಕ್ಕದವರ ಪಿಸುಮಾತು, ಅವಳು ನ್ಯಾಯವಾಗೇ ರೇಗಿದ್ರೂ ಮನೆಯವ್ರು ಮುಖ ಮುಖ ನೋಡ್ಕೋತಾರೆ, ಹುಷಾರಾದೋಳಿಗೆ ಸಿಟ್ಟು ಮಾಡ್ಕೊಳ್ಳೋ ಹಕ್ಕೂ ಇಲ್ಲ. ಗಂಡನಿಗೆ ಇನ್ನೊಂದು ಸಂಬಂಧ ಇದೆ ಅಂತ ಗೊತ್ತಾದ್ಮೇಲೆ ಮತ್ತೆ ಆಸ್ಪತ್ರೆ. ಕಾದಂಬರಿ ಬರೆದ ತ್ರಿವೇಣಿ ಮೈಸೂರಲ್ಲಿ ಸೈಕಾಲಜಿ ಓದ್ದೋರು, ಸುಮ್ನೆ ಕಲ್ಪನೆ ಮೇಲೆ ಬರೆದಿದ್ದಲ್ಲ ಅದು. ಕಾವೇರಿ ಪಾತ್ರ ಮಾಡಿದ ನಟಿ ಕಲ್ಪನಾ ಕೂಗಾಡೋ ಸೀನ್‌ಗಳನ್ನ ಎಲ್ರೂ ಮಿಮಿಕ್ರಿ ಮಾಡ್ತಾರೆ, ನೀವು ಅದಕ್ಕಿಂತ ಮೊದಲು ಅವಳು ಗಂಡನ ಪ್ರೀತಿಗೋಸ್ಕರ ಕಾಯೋದನ್ನ ಬರೀರಿ. ಪ್ರೀತಿ ವಾಸಿ ಮಾಡುತ್ತಾ ಅನ್ನೋ ನಿಮ್ಮ ಪ್ರಶ್ನೆಗಿಂತ, ವಾಸಿಯಾಗಿ ಬಂದವಳನ್ನ ಪ್ರೀತಿಸ್ತಾರಾ ಅನ್ನೋ ಈ ಸಿನಿಮಾದ ಪ್ರಶ್ನೆ ಗಟ್ಟಿ.

ಶಾಕ್ ಟ್ರೀಟ್‌ಮೆಂಟ್ ಅಂದ್ರೆ ಚಿತ್ರಹಿಂಸೆ ಅಂತ ಬರ್ದಿರೋದನ್ನೂ ತಿದ್ದಿ. ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ, ಸರಿ, ಆದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅನಸ್ತೇಶಿಯಾ (ಅರಿವಳಿಕೆ) ಕೊಡದೆ ಇಸಿಟಿ, ಅಂದ್ರೆ ಈ ಶಾಕ್ ಟ್ರೀಟ್‌ಮೆಂಟ್, ಮಾಡೋ ಹಾಗೇ ಇಲ್ಲ.

ಶರಪಂಜರ ಒಂದನ್ನೇ ಇಟ್ಕೊಂಡು ಹೊಸದಾಗಿ ಬರೀರಿ, ಉಳಿದವು ಪಕ್ಕದಲ್ಲಿ ಬಂದು ಹೋಗ್ಲಿ. ಸಾವಿರ ಪದ ಸಾಕು. ಟೈಟಲ್ ಮಾತ್ರ ಬದಲಾಯಿಸ್ಲೇಬೇಕು.