65 ಮಿಮೀಯೋ 80 ಮಿಮೀಯೋ?

ಮಂಡಗದ್ದೆ, ಲಕ್ಕವಳ್ಳಿ ಕಡೆ ಹಕ್ಕಿ ನೋಡೋಕೆ 65 ಮಿಮೀ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಲ್ಲಿ ನೋಡುವ ದುರ್ಬೀನು) ಸಾಕಾ, 80 ಬೇಕಾ ಅಂತ ಕೇಳಿದ್ದೀರಿ. ಈ ಮಿಮೀ ಅಂದರೆ ಮುಂದಿನ ಲೆನ್ಸಿನ ಅಗಲ. ನಾನಾದರೆ 80 ಅಂತೀನಿ, ಕಾರಣ ನಮ್ಮ ಮಳೆಗಾಲದ ಬೆಳಕು. ಲೆನ್ಸಿನ ಅಗಲವನ್ನು, ಸ್ಕೋಪ್ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೋ ಅದರಿಂದ ಭಾಗಿಸಿ ನೋಡಿ: 25 ಪಟ್ಟಿಗೆ 80ರಲ್ಲಿ 3.2 ಮಿಮೀ ಅಗಲದ ಬೆಳಕು ಕಣ್ಣಿಗೆ ಬರುತ್ತೆ, 65ರಲ್ಲಿ 2.6. ಅದನ್ನೇ 60 ಪಟ್ಟಿಗೆ ತಿರುಗಿಸಿದರೆ 80ರಲ್ಲಿ 1.3, 65ರಲ್ಲಿ 1.1 ಮಿಮೀ ಆಸುಪಾಸು ಅಷ್ಟೇ. ಅಷ್ಟು ಕಮ್ಮಿ ಬೆಳಕಿಗೆ, ಜುಲೈ ಮೋಡದಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿ ಬರೀ ಬೂದಿ ಮುದ್ದೆ. 25ಕ್ಕೆ ಇಳಿಸಿ, ಗೂಡಿಗೆ ತಂದ ಕಡ್ಡಿಯಿಂದ ನೀರು ತೊಟ್ಟಿಕ್ಕೋದೂ ಕಾಣುತ್ತೆ. ಹಾಗಾಗಿ 60 ಪಟ್ಟಿನ ಆಸೆಗೆ ದುಡ್ಡು ಸುರಿಯಬೇಡಿ.

ವಿದೇಶಿ ಬೇಟೆಗಾರರ ವಿಡಿಯೋ ನೋಡಿ, ಕಣ್ಣಿಡುವ ತುದಿ ಕೊಳವೆಯ ನೇರಕ್ಕೇ ಇರುವ ನೇರ ಮಾದರಿ ಇಷ್ಟವಾಯ್ತು ಅಂದಿರಿ. ಮರದ ತುದಿ ನೋಡೋಕೆ, ಮಕ್ಕಳಿಗೂ ತೋರಿಸೋಕೆ, ಆ ತುದಿ ಮೇಲಕ್ಕೆ ಬಾಗಿರುವ ಓರೆ ಮಾದರಿಯೇ ವಾಸಿ, ಕತ್ತು ನೋಯಲ್ಲ. ಕೊಡಚಾದ್ರಿ ಹತ್ತುವವರಾದರೆ ಮಾತ್ರ ಹಗುರವಾದ 65.

ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದ, ನೀರು ನುಗ್ಗದ ಸ್ಕೋಪನ್ನೇ ತಗೊಳ್ಳಿ. ನನ್ನ ಮೊದಲ ಸ್ಕೋಪನ್ನು ಒದ್ದೆ ಚೀಲದಲ್ಲೇ ಬಿಟ್ಟಿದ್ದೆ, ಒಂದೇ ಮಳೆಗಾಲಕ್ಕೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಸ್ಟು. ಈಗ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಗಟ್ಟಿ ಟ್ರೈಪಾಡಿಗೆ ಈಗಲೇ ದುಡ್ಡು ಎತ್ತಿಡಿ.